ಕೋಳಿ ಹುರಿಯುತ್ತಿದ್ದ, ಉಣ್ಣದಿದ್ದ ದೊಡ್ಡಪ್ಪ

ಪಕ್ಕದ ಮನೆಯ ದೊಡ್ಡಪ್ಪ ತೀರಿಕೊಂಡ ಒಂಬತ್ತನೇ ದಿನ ಅವರ ಮಗಳು ಬೇಲಿಯ ಹತ್ತಿರ ಬಂದು ನಿಂತು ನನ್ನನ್ನು ಕೇಳಿದ್ದು ಒಂದೇ ಮಾತು.

"ನಾಡಿದ್ದು ಅಪ್ಪನ ಎಡೆಗೆ ಕೋಳಿ ಉರುದ್ಕೊಡ್ತೀಯೇನ್ಲಾ?"

ನಮ್ಮ ಕಡೆ ಹನ್ನೊಂದನೇ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಬಾಳೆಲೆ ಹಾಕಿ, ಅವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸುತ್ತಾರೆ. ಬೀಡಿ ಸೇದುತ್ತಿದ್ದವರ ಎಲೆಯ ಪಕ್ಕ ಬೀಡಿ ಕಟ್ಟೂ ಇರುತ್ತದೆ. ದೊಡ್ಡಪ್ಪನಿಗೆ ಎಲ್ಲಕ್ಕಿಂತ ಇಷ್ಟವಿದ್ದದ್ದು ಬಾಣಲೆಯಲ್ಲಿ ಹುರಿದ ಕೋಳಿ. ಆದರೆ ಅವರು ಅದನ್ನು ಬಾಯಿಗಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಹರಕೆ ಹೊತ್ತು ಬಿಟ್ಟಿದ್ದರು. ಆ ಹರಕೆ ಹೊತ್ತದ್ದು ಈಗ ಬೇಲಿ ಹಿಡಿದು ನಿಂತಿದ್ದ ಈ ಮಗಳಿಗಾಗಿಯೇ.

"ಬದುಕಿದ್ದಾಗ ಉಣ್ಣಿಸಕ್ಕಾಗ್ನಿಲ್ಲ," ಅಂದಳು. "ಈಗ್ಲಾದ್ರೂ ಉಣ್ಲಿ. ಅರಕೆ ಅಪ್ಪನ ಜೀವದ್ ಜತೆಗೇ ತೀರೋಯ್ತಲ್ಲ."

ತೀರಿತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹುರಿದುಕೊಡುತ್ತೇನೆ ಅಕ್ಕ ಅಂದೆ. ಇಲ್ಲ ಅನ್ನುವ ಹಕ್ಕು ನನಗಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅವರು ನಮಗೆ ರಕ್ತಸಂಬಂಧವಲ್ಲ. ನಡುವೆ ಒಂದು ಲಂಟಾನ ಬೇಲಿ, ಅದರಲ್ಲಿ ಒಬ್ಬರು ತೂರುವಷ್ಟು ಸಂದು. ಕೂಲಿ ಕೆಲಸದವರು. ಅರಿಸಿನ ಕೀಳುವುದು, ಎಲೆಕೋಸು ಕೊಯ್ಯುವುದು, ಆಲೂಗೆಡ್ಡೆ ಮೂಟೆ ಹೊರುವುದು, ಯಾರು ಕರೆದರೆ ಅವರ ಹೊಲಕ್ಕೆ ಹೋಗುವುದು. ವಾರವೆಲ್ಲ ಮಾತೇ ಇಲ್ಲದ ಮನುಷ್ಯ. ಎದುರಿಗೆ ಸಿಕ್ಕರೆ "ಉಂಡಾ?" ಅಂತ ಕೇಳುತ್ತಿದ್ದರು, ಉತ್ತರ ಕೇಳಿಸಿಕೊಳ್ಳುವ ಹೊತ್ತಿಗೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಆದರೆ ಭಾನುವಾರ ಬಂತೆಂದರೆ ಅವರೇ ಬೇರೆ. ಬೆಳಿಗ್ಗೆ ತಮಿಳುನಾಡು ಗಡಿಯ ತಾಳವಾಡಿಗೆ ಹೋಗಿ ಕೋಳಿ ತರುತ್ತಿದ್ದರು. ಆನೆ ನುಗ್ಗಿ ಊರವರ ಬಾಳೆಯನ್ನೆಲ್ಲ ತುಳಿದುಹೋದ ಮರುದಿನವೂ, ಅದು ಭಾನುವಾರವಾಗಿದ್ದರೆ, ಅವರ ಹಿತ್ತಲಿನಿಂದ ಈರುಳ್ಳಿ ಬಾಡುವ ವಾಸನೆ ಬಂದೇ ಬರುತ್ತಿತ್ತು.

ಒಮ್ಮೆ ಅವರ ಜೊತೆ ಕೋಳಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಕತ್ತಿ ಎತ್ತುವ ಮೊದಲೇ ಇವರು ತಮಿಳಿನಲ್ಲಿ "ತೋಲ್ ಇರುಕ್ಕಟ್ಟುಂ" ಅಂದರು. ಚರ್ಮ ಇರಲಿ ಅಂತ. ಅಂಗಡಿಯವನು ನಗುತ್ತಾ ನನಗೆ ಹೇಳಿದ, "ಎಲ್ಲಾರೂ ಚರ್ಮ ತೆಗಿ ಅಂತಾರೆ, ಇವ್ರೊಬ್ರೇ ಬುಡು ಅನ್ನೋರು." ದೊಡ್ಡಪ್ಪ ದುಡ್ಡು ಕೊಟ್ಟು ಹೊರಟರು. ದಾರಿಯಲ್ಲಿ ನನಗೆ ಹೇಳಿದರು, "ಚರ್ಮ ತೆಗೆಸ್ಬುಟ್ಟು, ಆಮ್ಯಾಕೆ ಎಣ್ಣೆ ಸುರೀತರೆ. ಎಣ್ಣೆ ಅದ್ರ ಮೈ ಮ್ಯಾಲೇ ಇತ್ತಲ್ಲ."

ಅವರ ಬಾಣಲೆಯೂ ಅಂಗಡಿಯದ್ದಲ್ಲ. ಟ್ರ್ಯಾಕ್ಟರ್ ಉಳುವಾಗ ಮಣ್ಣು ಹೊರಳಿಸುವ ಕಬ್ಬಿಣದ ತಟ್ಟೆ ಇರುತ್ತದಲ್ಲ, ಡಿಸ್ಕ್ ಅನ್ನುತ್ತಾರಲ್ಲ, ಅದು ಸವೆದು ಯಾರೋ ಎಸೆದಿದ್ದರು. ದೊಡ್ಡಪ್ಪ ಎತ್ತಿಕೊಂಡು ಬಂದು, ನಡುವಿನ ತೂತಿಗೆ ವೆಲ್ಡಿಂಗ್ ಹಾಕಿಸಿ, ಎರಡು ಕಿವಿ ಕೂರಿಸಿದ್ದರು. ಹಿತ್ತಲಿನ ಮೂರು ಕಲ್ಲಿನ ಮೇಲೆ ಅದು ಕೂತರೆ ಕದಲುತ್ತಿರಲಿಲ್ಲ. ಕಾಯಲು ಹೊತ್ತು ಹಿಡಿಯುತ್ತಿತ್ತು, ಆರಲು ಅದಕ್ಕಿಂತ ಹೆಚ್ಚು ಹೊತ್ತು. ನಾನು ಆಮೇಲೆ ಎಷ್ಟೋ ತರದ ಬಾಣಲೆ ನೋಡಿದ್ದೇನೆ. ಅಂಥದ್ದು ಇನ್ನೊಂದು ಸಿಕ್ಕಿಲ್ಲ.

ನಾನು ಅಡುಗೆ ಕಲಿತದ್ದು ಫೋನಿನಲ್ಲಿ. ನಮ್ಮ ಮನೆಯಲ್ಲಿ ಗಂಡುಹುಡುಗ ಒಲೆಯ ಮುಂದೆ ಕೂತರೆ ಅವ್ವನಿಗೆ ನಗು, ಅಪ್ಪನಿಗೆ ಮುಜುಗರ. ಆದರೂ ಬಿಡಲಿಲ್ಲ. ಮೊಸರು, ಶುಂಠಿ ಬೆಳ್ಳುಳ್ಳಿ, ಜೋಳದ ಹಿಟ್ಟು, ಕೆಂಪು ಬಣ್ಣ, ನಿಂಬೆರಸ, ಇನ್ನೂ ಏನೇನೋ ಪುಡಿ ಸೇರಿಸಿ ಅರ್ಧ ದಿನ ನೆನೆಸಿ ಮೊದಲ ಸಲ ಕೋಳಿ ಹುರಿದಾಗ ನನಗೇ ಹೆಮ್ಮೆಯಾಗಿ ಒಂದು ತಟ್ಟೆ ತುಂಬಿಕೊಂಡು ಬೇಲಿ ತೂರಿ ಹೋದೆ. ದೊಡ್ಡಪ್ಪ ತಟ್ಟೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಇದ್ಯಾಕ್ಲಾ ಕೋಳಿಗೆ ಕುಂಕುಮ ಬಳ್ದಿದೀಯ. ಮದ್ವೆಯಾ?"

"ರುಚಿ ನೋಡು ದೊಡ್ಡಪ್ಪ."

"ನಂಗ್ ಬ್ಯಾಡ ಕಣ. ಕೋಳಿ ನನ್ ಮೈಗಾಗಕ್ಕಿಲ್ಲ, ಉಷ್ಣ. ನಿಮ್ ದೊಡ್ಡವ್ವಂಗ್ ಕೊಡು."

ದೊಡ್ಡವ್ವ ಒಂದು ತುಂಡು ತಿಂದು, ಹಲ್ಲಿಗೆ ಅಂಟಿದ್ದನ್ನು ನಾಲಿಗೆಯಿಂದ ಬಿಡಿಸಿಕೊಳ್ಳುತ್ತಾ, "ಚೆನ್ನಾಗದೆ ಮಗ" ಅಂದರು. ಆ ಸಂಜೆ ಉಳಿದ ತುಂಡುಗಳು ಅವರ ನಾಯಿಯ ಮುಂದೆ ಇದ್ದದ್ದನ್ನು ಬೇಲಿಯ ಸಂದಿನಿಂದ ನೋಡಿದೆ. ನಾಯಿಯೂ ಯೋಚನೆ ಮಾಡುತ್ತಿತ್ತು.

ಮುಂದಿನ ಭಾನುವಾರ ನಾಚಿಕೆ ಬಿಟ್ಟು ಅವರ ಒಲೆಯ ಮುಂದೆ ಹೋಗಿ ಕೂತೆ. ಫೋನ್ ಕೈಯಲ್ಲೇ ಇತ್ತು, ಬರೆದುಕೊಳ್ಳೋಣ ಅಂತ.

"ಎಷ್ಟೊತ್ತು ಉರೀಬೇಕು ದೊಡ್ಡಪ್ಪ?"

"ಆಗೋಗಂಟ."

"ಅದೇ, ಎಷ್ಟ್ ನಿಮ್ಸ?"

"ಕೋಳಿ ವಾಚ್ ಕಟ್ಕಂಡದೆಯೇನ್ಲಾ?"

ದೊಡ್ಡವ್ವ ಒಳಗಿನಿಂದಲೇ ನಕ್ಕರು. ನಾನು ಫೋನನ್ನು ಜೇಬಿಗೆ ಹಾಕಿದೆ.

ಅವರು ಮಾಡುತ್ತಿದ್ದದ್ದು ಇಷ್ಟೇ. ಕೋಳಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಉಪ್ಪು ಅರಿಸಿನ ತಿಕ್ಕಿ ಇಡುವುದು. ಒಣಮೆಣಸಿನಕಾಯನ್ನು ಮುರಿದು, ತಲೆಕೆಳಗೆ ಮಾಡಿ ತಟ್ಟಿ, ಬೀಜವನ್ನೆಲ್ಲ ಉದುರಿಸುವುದು. ಬೀಜ ನಾಲಿಗೆ ಸುಡುತ್ತದೆ, ಸಿಪ್ಪೆ ರುಚಿ ಕೊಡುತ್ತದೆ ಅನ್ನುತ್ತಿದ್ದರು. ಬಾಣಲೆ ಕಾದ ಮೇಲೆ ಒಂದೇ ಒಂದು ಚಮಚ ಕಡಲೆಕಾಯಿ ಎಣ್ಣೆ. ಮೊದಲು ಮೆಣಸಿನಕಾಯಿ, ಅದು ಕಪ್ಪಾಗುವ ಮೊದಲೇ ಇಡೀ ಚಿಕ್ಕ ಈರುಳ್ಳಿ ಎರಡು ಹಿಡಿ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು. ಆಮೇಲೆ ಕೋಳಿ. ಅಷ್ಟೇ. ಮಸಾಲೆ ಪುಡಿ ಇಲ್ಲ, ನೀರಿಲ್ಲ, ಮುಚ್ಚಳ ಇಲ್ಲ. ಉಪ್ಪು ಸರಿಯಿದೆಯೋ ಅಂತ ನೋಡುವುದು ದೊಡ್ಡವ್ವನ ಕೆಲಸ.

ಬಾಣಲೆಗೆ ಕೋಳಿ ಬಿದ್ದ ಮೇಲೆ ದೊಡ್ಡಪ್ಪ ಅದನ್ನು ನೋಡುತ್ತಲೇ ಇರಲಿಲ್ಲ. ಪಕ್ಕಕ್ಕೆ ತಿರುಗಿ ಬೀಡಿ ಹಚ್ಚಿ, ಕಿವಿ ಮಾತ್ರ ಬಾಣಲೆಯ ಕಡೆ ಇಟ್ಟಿರುತ್ತಿದ್ದರು. ನಾನು ಏನಾದರೂ ಬಾಯಿಬಿಟ್ಟರೆ ಕೈ ಎತ್ತಿ ತಡೆಯುತ್ತಿದ್ದರು.

"ತಡಿಲಾ. ಈಗ ನೀರ್ ಮಾತಾಡ್ತಾದೆ."

ನಾನೂ ಕಿವಿಗೊಟ್ಟೆ. ಕೋಳಿಯಿಂದ ಬಿಟ್ಟ ನೀರು ಕುದಿಯುವ ಸಣ್ಣ ಸದ್ದು. ಬಹಳ ಹೊತ್ತು ಅದೇ ಸದ್ದು, ಆಮೇಲೆ ನಿಧಾನವಾಗಿ ಅದು ತೆಳುವಾಗಿ, ಒಂದು ಗಳಿಗೆ ಏನೂ ಕೇಳಿಸದಂತಾಗಿ, ಪಟಪಟ ಅಂತ ಬೇರೆ ಸದ್ದು ಶುರುವಾಯಿತು.

"ಕೇಳುಸ್ತಾ? ಈಗ ಎಣ್ಣೆ ಮಾತಾಡ್ತಾದೆ. ಈಗ ತಿರುವ್ಬೇಕು. ಮದ್ಲೇ ತಿರುವುದ್ರೆ ಪುಡಿಯಾಯ್ತದೆ, ಬುಟ್ರೆ ಅಂಟ್ಕತದೆ."

ಈಗಲೂ ನಾನು ಕೋಳಿ ಹುರಿಯುವಾಗ ರೇಡಿಯೋ ಟಿವಿ ಎಲ್ಲ ಬಂದ್ ಮಾಡಿಸುತ್ತೇನೆ. ಅವ್ವ ಬೈಯುತ್ತಾರೆ. ಬೈಯಲಿ.

ಅವರು ಸಾಧು ಮನುಷ್ಯ ಅಂತ ಮಾತ್ರ ತಿಳಿಯಬೇಡಿ. ಕೋಳಿ ತಿರುವುವ ಸಟುಗವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ದೊಡ್ಡವ್ವನ ಕೈಗೂ. ಒಮ್ಮೆ ಅವರು ಅತ್ತ ತಿರುಗಿದ್ದಾಗ, ತಳ ಹಿಡಿಯುತ್ತದೇನೋ ಅಂತ ಹೆದರಿ ನಾನು ಅರ್ಧ ಲೋಟ ನೀರು ಹೊಯ್ದುಬಿಟ್ಟೆ. ಸದ್ದು ಬದಲಾದದ್ದೇ ಅವರು ತಿರುಗಿದರು. ಬೈಯಲಿಲ್ಲ. ಬಾಣಲೆಯನ್ನು ಹಾಗೇ ಇಳಿಸಿ, ಎದ್ದು ಹೋಗಿ ಜಗುಲಿಯ ಮೇಲೆ ಮಲಗಿದರು. ದೊಡ್ಡವ್ವ ಅದನ್ನೇ ಸಾರು ಮಾಡಿ ಬಡಿಸಿದರು. ಎರಡು ವಾರ ನನ್ನನ್ನು "ಉಂಡಾ?" ಅಂತಲೂ ಕೇಳಲಿಲ್ಲ.

"ಉಣ್ಣದೋರ್ಗೆ ಯಾತಕ್ಕೆ ಇಷ್ಟೊಂದ್ ಅಟ ಅಂತೀನಿ," ಅಂತ ದೊಡ್ಡವ್ವ ಗೊಣಗುತ್ತಿದ್ದರು. "ಉಣ್ಣೋರು ನಾವು. ನಮ್ಗಿಲ್ದಿರೋ ಸಂಕ್ಟ ಇವ್ರ್ಗೆ."

ಹರಕೆಯ ವಿಷಯ ದೊಡ್ಡಪ್ಪ ನನಗೆ ಹೇಳಿದ್ದು ಹೋದ ವರ್ಷ, ಈರುಳ್ಳಿ ಸುಲಿಯುತ್ತಾ. ಚಿಕ್ಕ ಈರುಳ್ಳಿ ಸುಲಿಯುವುದು ಬೇಜಾರಿನ ಕೆಲಸ, ಎದುರಿಗೆ ಇಬ್ಬರು ಕೂತರೆ ಮಾತು ತಾನಾಗಿ ಬರುತ್ತದೆ. ನಾನು ಸುಮ್ಮನೆ ಕೇಳಿದೆ, ಉಷ್ಣ ಅಂತೀಯಲ್ಲ, ಒಂದು ತುಂಡು ತಿಂದರೆ ಏನಾಗುತ್ತದೆ ಅಂತ. ಅವರು ಬಾಗಿಲ ಕಡೆ ನೋಡಿದರು. ಮಗಳು ಆ ಭಾನುವಾರ ಬಂದಿರಲಿಲ್ಲ. ಅವಳನ್ನು ಜೀರಹಳ್ಳಿಗೆ ಕೊಟ್ಟಿದ್ದರು, ತಿಂಗಳಿಗೆ ಎರಡು ಮೂರು ಭಾನುವಾರ ಬಂದು ಹೋಗುತ್ತಿದ್ದಳು.

"ಉಷ್ಣ ಗಿಷ್ಣ ಏನಿಲ್ಲ ಕಣ್ಲಾ," ಅಂದರು. "ಕೂಸ್ಗೆ ಆಗ ಆರೊರ್ಸ. ಜರ ಬಂದು ಚಾಮರಾಜನಗರದ ಆಸ್ಪತ್ರೆಗೆ ಎತ್ಕಂಡೋಗಿದ್ದೊ. ಮೂರ್ ದಿನ ಕಣ್ಣೇ ಬುಡ್ನಿಲ್ಲ. ನಾನು ಒರ್ಗಡೆ ಮೆಟ್ಲ್ ಮ್ಯಾಲೆ ಕುಂತ್ಕಂಡು ಮಲೆ ಮಾದಪ್ಪಂಗೆ ಏನ್ ಕೊಡಾನ ಅಂತ ಯೋಚ್ನೆ ಮಾಡ್ದೆ. ಒಲ ಇಲ್ಲ, ದನ ಇಲ್ಲ. ಬೀಡಿ ಬುಡ್ತೀನಿ ಅನ್ನಾನ ಅಂದ್ರೆ, ಅದ್ನ ಆಗ್ಲೇ ಮೂರ್ ಸಲ ಬುಟ್ಟು ಮೂರ್ ಸಲ ಇಡ್ದಿದ್ದೆ. ಮಾದಪ್ಪ ನಂಬ್ತಾನಾ?"

"ಅದ್ಕೇ ಕೋಳಿನಾ?"

"ಅದ್ಕಿಂತ ಇಷ್ಟವಾದ್ದು ಇನ್ನೇನಿತ್ಲಾ ನಂಗೆ. ಕೂಸ್ನ ಎಬ್ಬುಸ್ಕೊಡು, ಸಾಯಗಂಟ ಕೋಳಿ ಮುಟ್ಟಲ್ಲ ಅಂದೆ. ಮಾರ್ನೆಗ್ ಕಣ್ ಬುಟ್ಟು, ಮದ್ಲು ಕೇಳುದ್ದೇನು ಗೊತ್ತಾ? ಅಪ್ಪ, ಕೋಳಿ ಬೇಕು, ಅಂತು."

ಅವರು ನಕ್ಕರು. ಈರುಳ್ಳಿಯದ್ದೋ ಏನೋ, ಕಣ್ಣಲ್ಲಿ ನೀರಿತ್ತು.

"ಏನ್ ಮಾಡಾದು. ಉಣ್ಣಾದ್ ಬುಡ್ತೀನಿ ಅಂದಿದ್ದೆ, ಮಾಡಾದ್ ಬುಡ್ತೀನಿ ಅಂದಿರ್ನಿಲ್ಲ. ಅವತ್ನಿಂದ ಮಾಡ್ತಾವ್ನಿ. ಕೂಸ್ಗೆ ಮಾತ್ರ ಯೋಳ್ಬ್ಯಾಡ ಕಣ್ಲಾ. ತಿಳುದ್ರೆ ಅದ್ರ ಗಂಟ್ಲಲ್ಲಿ ಇಳಿಯಕ್ಕಿಲ್ಲ."

ಅವರು ಬೇರೆ ಯಾರಿಗೂ ಹೇಳಿರಲಿಲ್ಲ. ದೊಡ್ಡವ್ವನಿಗೆ ಬಿಟ್ಟರೆ ಗೊತ್ತಿದ್ದದ್ದು ನನಗೆ ಮಾತ್ರ. ಊರಿಗೆಲ್ಲ ಉಷ್ಣದ ಕತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅಕ್ಕನಿಗೆ ಅಪ್ಪನ ಉಷ್ಣದ್ದೇ ಚಿಂತೆ. ಇಷ್ಟು ವರ್ಷವಾದರೂ ಹೋಗದ ಉಷ್ಣ ಎಂಥದ್ದು ಅಂತ ಯಾರ ಯಾರನ್ನೋ ಕೇಳಿ, ಒಂದು ಸಲ ಕಷಾಯದ ಬಾಟಲಿ ತಂದುಕೊಟ್ಟಳು. ಬೇವಿನ ಸೊಪ್ಪನ್ನೇ ಅರೆದು ತುಂಬಿದ ಹಾಗಿತ್ತು ಅದರ ವಾಸನೆ. ದೊಡ್ಡಪ್ಪ ಮಗಳ ಎದುರಿಗೆ ಒಂದು ಮುಚ್ಚಳ ಕುಡಿದು, ಮುಖವನ್ನು ಏನೂ ಆಗದಂತೆ ಇಟ್ಟುಕೊಂಡು, "ತಂಪಾಯ್ತು ಕಣವ್ವ" ಅಂದರು. ಅವಳು ಖುಷಿಯಾಗಿ ಮುಂದಿನ ಸಲ ಎರಡು ಬಾಟಲಿ ತಂದಳು. ಅದನ್ನೂ ಕುಡಿದರು. ಸುಳ್ಳು ಉಳಿಸಿಕೊಳ್ಳಲಿಕ್ಕೆ ಆ ಮನುಷ್ಯ ಮೂರು ಬಾಟಲಿ ಕಷಾಯ ಕುಡಿದದ್ದನ್ನು ನಾನು ಕಣ್ಣಾರೆ ಕಂಡೆ.

ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಅಕ್ಕನನ್ನು ಬಸ್ಸಿಗೆ ಬಿಡಲು ಹೋಗಿದ್ದೆ. ಇನ್ನೂ ಒಳ್ಳೆಯ ಔಷಧಿ ಸತ್ಯಮಂಗಲದಲ್ಲಿ ಸಿಗುತ್ತದಂತೆ, ತರಿಸುತ್ತೇನೆ ಅಂದಳು. ನಾನು ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡೇ ಹೇಳಿಬಿಟ್ಟೆ.

"ತರಬ್ಯಾಡ ಕಣಕ್ಕ. ದೊಡ್ಡಪ್ಪಂಗೆ ಏನೂ ಆಗಿಲ್ಲ. ನಿಂಗೋಸ್ಕರ ಅರಕೆ ಒತ್ಕಂಡು ಬುಟ್ಟಿರಾದು."

ಅವಳು ನನ್ನ ಮುಖವನ್ನೇ ನೋಡಿದಳು. ಬಸ್ಸು ಬಂತು. ಹತ್ತಿ ಹೋದಳು.

ಮುಂದಿನ ಭಾನುವಾರ ಬಂದಳು. ದೊಡ್ಡಪ್ಪ ಎಂದಿನಂತೆ ಹುರಿದು, ಮೊದಲ ತಟ್ಟೆಯನ್ನು ಅವಳ ಮುಂದೆ ಇಟ್ಟರು. ಅವಳು ಮುಟ್ಟಲಿಲ್ಲ.

"ನೀನ್ ಒಂದ್ ತುಂಡ್ ಬಾಯ್ಗ್ ಆಕಪ್ಪ. ಆಮ್ಯಾಕೆ ನಾನುಣ್ತೀನಿ."

"ನಂಗೆ ಉಷ್ಣ ಕಣವ್ವ."

"ಸುಳ್ ಯೋಳ್ಬ್ಯಾಡ. ನಾನೀಗ ಗುಂಡ್ಕಲ್ಲಂಗೆ ಇದೀನಿ. ಇನ್ನೂ ಯಾಕ್ ಅದ್ನ ಇಡ್ಕಂಡಿದೀಯೆ?"

ದೊಡ್ಡಪ್ಪ ತಲೆ ಎತ್ತಿ ನನ್ನ ಕಡೆ ಒಂದೇ ಒಂದು ಸಲ ನೋಡಿದರು. ಕೋಪ ಇರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಮಗಳಿಗೆ ಹೇಳಿದರು, "ಕೊಟ್ಟುದ್ದ ವಾಪಸ್ ಕೇಳಕ್ಕಾಯ್ತದಾ ಕಣವ್ವ. ಉಣ್ಣು, ಆರೋಯ್ತದೆ."

ಅವಳು ಉಣ್ಣಲಿಲ್ಲ. ಅವತ್ತೂ ಇಲ್ಲ, ಆಮೇಲೆ ಬಂದ ಯಾವ ಭಾನುವಾರವೂ ಇಲ್ಲ. ಬರುತ್ತಿದ್ದಳು, ನಗುತ್ತಿದ್ದಳು, ಅವ್ವನ ತಲೆ ಬಾಚುತ್ತಿದ್ದಳು, ಅನ್ನ ಸಾರು ಉಂಡು ಹೋಗುತ್ತಿದ್ದಳು. ಕೋಳಿಯ ತಟ್ಟೆ ಮಾತ್ರ ಹಾಗೇ ಇರುತ್ತಿತ್ತು. ಅಪ್ಪ ಸೋಲುತ್ತಾನೆ ಅಂತ ಅವಳ ಲೆಕ್ಕ, ಮಗಳ ಬಾಯಿ ಸೋಲುತ್ತದೆ ಅಂತ ಅವರ ಲೆಕ್ಕ. ಇಬ್ಬರದ್ದೂ ಒಂದೇ ಮೈಕಟ್ಟು, ಒಂದೇ ಹಟ.

ನಾನು ನಾಲ್ಕೈದು ವಾರ ಬೇಲಿಯ ಆ ಕಡೆ ಹೋಗಲಿಲ್ಲ. ಒಂದು ಭಾನುವಾರ ಅವರೇ ಬೇಲಿಯ ಸಂದಿನಲ್ಲಿ ತಲೆ ಹಾಕಿ ಕರೆದರು. "ಬಾರ್ಲಾ. ಯಾಕ್ ಅವುತ್ಕಂಡಿದೀಯೆ." ಹೋದೆ. ಬಾಣಲೆಗೆ ಕೋಳಿ ಬಿದ್ದಾಗಿತ್ತು. ಅವರು ಸಟುಗವನ್ನು ನನ್ನ ಕಡೆ ಚಾಚಿದರು.

"ತಗಾ. ನೀನೇ ತಿರುವು. ನಂಗ್ಯಾಕೋ ಕೈ ಬತ್ತಾ ಇಲ್ಲ."

ಅಷ್ಟು ವರ್ಷ ಯಾರಿಗೂ ಕೊಡದ ಸಟುಗ. ಅದಕ್ಕಾಗಿ ಎಷ್ಟು ಆಸೆಪಟ್ಟಿದ್ದೆ. ಅವತ್ತು ಅದನ್ನು ಹಿಡಿದಾಗ ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು. ಕ್ಷಮಿಸು ದೊಡ್ಡಪ್ಪ ಅನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಮಾತಾಡ್ಬ್ಯಾಡ. ಕೇಳುಸ್ಕ."

ಹೀಗೆ ಏಳೆಂಟು ತಿಂಗಳು. ಅವರು ಪಕ್ಕದಲ್ಲಿ ಕೂತು ಬೀಡಿ ಸೇದುತ್ತಾ ಕಿವಿಯಲ್ಲಿ ನೋಡುತ್ತಿದ್ದರು, ನಾನು ತಿರುವುತ್ತಿದ್ದೆ. ಬೈಗುಳ ಕಡಿಮೆಯಾಗುತ್ತಾ ಬಂತು. ಕೊನೆಕೊನೆಗೆ ಸುಮ್ಮನೆ ತಲೆ ಆಡಿಸುತ್ತಿದ್ದರು. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಯಾರದ್ದೋ ಎಲೆಕೋಸಿನ ಹೊಲದಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅದರ ಹಿಂದಿನ ಭಾನುವಾರವೂ ಅಕ್ಕ ಬಂದಿದ್ದಳು. ಆ ತಟ್ಟೆಯನ್ನೂ ಮುಟ್ಟದೆ ಹೋಗಿದ್ದಳು.

ಈಗ ನಿಮಗೆ ಗೊತ್ತಾಗಿರಬೇಕು, ಬೇಲಿಯ ಹತ್ತಿರ ಅವಳು ಕೇಳಿದಾಗ ಇಲ್ಲ ಅನ್ನಲು ನನಗೆ ಯಾಕೆ ಆಗಲಿಲ್ಲ ಅಂತ.

ಹನ್ನೊಂದನೇ ದಿನ ಬೆಳಿಗ್ಗೆ ತಾಳಮಲೆಯಿಂದ ದೊಡ್ಡಪ್ಪನ ಅಣ್ಣ ಬಂದರು. ಎತ್ತರದ ಮುದುಕ, ಬಿಳಿ ಮೀಸೆ. ನಾನು ಹಿತ್ತಲಿನಲ್ಲಿ ಒಲೆ ಹೊತ್ತಿಸುತ್ತಿದ್ದುದನ್ನು ನೋಡಿ, ಹರಕೆಯ ವಿಷಯವನ್ನೂ ಕೇಳಿ ತಿಳಿದುಕೊಂಡು, ಜಗುಲಿಯ ಮೇಲೆ ಕೂತೇ ಗದರಿದರು.

"ಏನವ್ವ ಇದು. ಅಷ್ಟೊರ್ಸ ನಡುಸ್ಕಂಡ್ ಬಂದ ಅರಕೆಯ ಸತ್ ಅನ್ನೊಂದ್ ದಿನಕ್ಕೇ ಮುರ್ಸೀಯಾ?"

"ಅಪ್ಪ ಸಾಯಗಂಟ ಅಂದಿದ್ದು. ಸತ್ತಾಯ್ತಲ್ಲ," ಅಂದಳು ಅಕ್ಕ.

"ಸತ್ತೋರ್ ಬಾಯ್ಗೆ ನಾವ್ ತುರುಕ್ಬಾರ್ದು ಕಣವ್ವ. ಅವ್ನ್ ಮಾತು ಅವ್ನ್ ಜತೆ ವೋಗ್ಲಿ."

"ನನ್ನಿಂದ ಬುಟ್ಟುದ್ದು. ನಾನೇ ಇಕ್ತೀನಿ. ಪಾಪ ಬಂದ್ರೆ ನಂಗ್ ಬರ್ಲಿ."

ಮುದುಕರು ದೊಡ್ಡವ್ವನ ಕಡೆ ತಿರುಗಿದರು. "ನೀನೇನಮ್ಮಿ ಸುಮ್ಕಿದೀಯೆ?" ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ದೊಡ್ಡವ್ವ ತಲೆ ತಗ್ಗಿಸಿ ಆರಿಸುತ್ತಲೇ ಇದ್ದರು. ಮುದುಕರು ಸಾಕಾಗಿ ನನ್ನ ಮೇಲೆ ತಿರುಗಿದರು. "ನೀನ್ಯಾರ್ಲಾ? ಗಂಡ್ಸು ಇಲ್ದೋದ್ ಮನೇಲಿ ಬಾಣ್ಲಿ ಮುಂದ್ ಕುಂತಿದೀಯೆ."

"ಪಕ್ಕದ್ ಮನೆಯೋನು ತಾತ."

"ಉರಿಯಕ್ ಬತ್ತದಾ?"

"ದೊಡ್ಡಪ್ಪ ಕಲ್ಸವ್ರೆ."

ಅವರು ಹೂಂ ಅಂದರು. ನಾನು ಮೆಣಸಿನಕಾಯಿ ಮುರಿದು ಬೀಜ ಉದುರಿಸಿದೆ. ಕೋಳಿ ಬಿತ್ತು. ನೀರು ಮಾತಾಡಿತು. ಅವತ್ತು ಮನೆ ತುಂಬ ಜನ, ಪಾತ್ರೆಯ ಸದ್ದು, ಒಂದು ಕಡೆ ಮಗುವಿನ ಅಳು, ಆದರೂ ಎಣ್ಣೆ ಮಾತಾಡಲು ಶುರುಮಾಡಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ತಿರುವಿದೆ. ಚರ್ಮ ಕೆಂಪಗಾಗಿ, ಈರುಳ್ಳಿ ಅದಕ್ಕೆ ಅಂಟಿಕೊಂಡು, ಅಂಚಿನಲ್ಲಿ ಸ್ವಲ್ಪವೇ ಕರಿದಂತೆ ಬಂತು. ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಅದಕ್ಕೆ ಮೊದಲು ಬಂದಿರಲಿಲ್ಲ.

ನಡುಮನೆಯಲ್ಲಿ ದೊಡ್ಡಪ್ಪನ ಫೋಟೋ ಮುಂದೆ ಬಾಳೆಲೆ ಹಾಕಿ ಮುದ್ದೆ, ಅನ್ನ, ಸಾರು, ವಡೆ, ಎಲೆ ಅಡಿಕೆ, ಬೀಡಿ ಎಲ್ಲ ಇಟ್ಟಾಗಿತ್ತು. ಎಡೆ ಇಟ್ಟು ಧೂಪ ಹಾಕಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಣ್ಣುವ ಹೊತ್ತು ಅದು, ಬದುಕಿದ್ದವರು ಯಾರೂ ಒಳಗಿರಬಾರದು. ಉಂಡು ಹೋದರು ಅನ್ನುವಷ್ಟು ಹೊತ್ತು ಕಳೆದ ಮೇಲೆ ಬಾಗಿಲು ತೆಗೆದು ಉಳಿದವರು ಉಣ್ಣುವುದು.

ಅಕ್ಕ ಹಿತ್ತಲಿಗೆ ಬಂದು ತಟ್ಟೆ ಚಾಚಿದಳು. ನಾನು ಬಾಣಲೆಯಿಂದ ಮೊದಲ ನಾಲ್ಕು ತುಂಡು ಹಾಕಿದೆ. ಅವಳು ಅದನ್ನು ಹಿಡಿದು ಹೊಸ್ತಿಲ ಹತ್ತಿರ ಹೋದಾಗ ದೊಡ್ಡವ್ವ ಅಡ್ಡ ಬಂದು ನಿಂತರು.

"ಇಕ್ಬ್ಯಾಡ ಕಣವ್ವ."

"ಅವ್ವ, ನೀನೂವೆ."

"ನಾನಲ್ಲ. ಅವ್ರೇ ಅಂದಿದ್ರು." ದೊಡ್ಡವ್ವ ಫೋಟೋ ಕಡೆ ಕೈ ತೋರಿಸಿದರು. "ನೀನ್ ಉಣ್ಣಾದ್ ಬುಟ್ಟಾಗ. ನಾ ವೋದ್ರೆ ಕೂಸು ಎಡೆಗೆ ಕೋಳಿ ಇಕ್ತದೆ, ಇಕ್ಕಕ್ ಬುಡ್ಬ್ಯಾಡ ಅಂದ್ರು. ಇಕ್ಬುಟ್ರೆ, ನಮ್ಮಪ್ಪ ಅಷ್ಟೊರ್ಸವೂ ಬಾಯಿ ಕಟ್ಕಂಡು ಆಸೆ ಪಟ್ಕಂಡೇ ಇದ್ದ ಅನ್ಕತದೆ. ನಂಗೆ ಅದು ಉಣ್ಣಾದ್ ನೋಡುದ್ರೇ ಒಟ್ಟೆ ತುಂಬ್ತಿತ್ತು ಕಣಮ್ಮಿ, ಅಂದ್ರು."

"ಇಷ್ಟ್ ದಿನ ಯಾಕ್ ಯೋಳ್ನಿಲ್ಲ?"

ದೊಡ್ಡವ್ವ ಸೆರಗಿನಿಂದ ಮೂಗು ಒರೆಸಿಕೊಂಡರು. "ನಂಗೂ ಇಕ್ಬೇಕು ಅನ್ನುಸ್ತಿತ್ತು ಕಣವ್ವ. ಅದ್ಕೇ ಸುಮ್ಕಿದ್ದೆ."

ತಾಳಮಲೆಯ ಮುದುಕರೂ ಗೆದ್ದೆ ಅನ್ನುವ ಮುಖ ಮಾಡಲಿಲ್ಲ, ಮೀಸೆ ಎಳೆದುಕೊಳ್ಳುತ್ತಾ ನೆಲ ನೋಡುತ್ತಿದ್ದರು. ಅಕ್ಕ ತಟ್ಟೆ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ತುಂಡುಗಳಿಂದ ಇನ್ನೂ ಹಬೆ ಏಳುತ್ತಿತ್ತು. ಅವಳು ಅದನ್ನು ನನಗೆ ವಾಪಸ್ ಕೊಡುತ್ತಾಳೆ ಅಂದುಕೊಂಡು ಕೈ ಚಾಚಿದೆ. ಕೊಡಲಿಲ್ಲ. ಅವ್ವನ ಪಕ್ಕದಿಂದ ಒಳಗೆ ಹೋಗಿ, ಬಾಳೆಲೆಯ ಈಚೆ ಕಡೆ, ಫೋಟೋಗೆ ಎದುರಾಗಿ, ಚಕ್ಕಂಬಕ್ಕಳ ಹಾಕಿ ಕೂತಳು. ತಟ್ಟೆಯನ್ನು ಅಪ್ಪನ ಎಲೆಯ ಮೇಲೆ ಇಡಲಿಲ್ಲ. ತನ್ನ ಮುಂದೆ ಇಟ್ಟುಕೊಂಡಳು.

"ಒಳಗ್ ಯಾರೂ ಇರ್ಬಾರ್ದು ಕಣವ್ವ," ಅಂದರು ಮುದುಕರು, ಮೊದಲಿನ ಗದರಿಕೆ ಇಲ್ಲದೆ. "ಅವ್ನು ಬರಾ ಒತ್ತು."

"ಅಪ್ಪ ಬರ್ಲಿ. ನೋಡ್ಲಿ."

ದೊಡ್ಡವ್ವ ಕೈ ಚಾಚಿ ಬಾಗಿಲು ಎಳೆದು ಮುಚ್ಚಿದರು.

ಹೊರಗೆ ನಾವೆಲ್ಲ ನಿಂತಿದ್ದೆವು. ಹಸಿದ ಮಕ್ಕಳು ಬಾಣಲೆಯ ಕಡೆ ನೋಡುತ್ತಿದ್ದರು. ಒಳಗಿನಿಂದ ಏನೂ ಕೇಳಿಸಲಿಲ್ಲ. ಅಳು ಕೇಳಿಸುತ್ತದೇನೋ ಅಂತ ನಾನು ಹೆದರಿದ್ದೆ, ಅದೂ ಇಲ್ಲ. ಸಾಮಾನ್ಯವಾಗಿ ಬಾಗಿಲು ತೆಗೆಯುವ ಹೊತ್ತು ಮೀರಿತು. ಯಾರೋ ತೆಗೆಯೋಣವಾ ಅಂದರು. ಮುದುಕರು ಬೇಡ ಅಂತ ತಲೆ ಆಡಿಸಿದರು.

ಆಮೇಲೆ ಬಾಗಿಲು ಒಳಗಿನಿಂದಲೇ ಒಂದು ಗೇಣು ತೆರೆಯಿತು. ಅಕ್ಕನ ಕೈ ಮಾತ್ರ ಹೊರಗೆ ಬಂತು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ನಾಲ್ಕು ತುಂಡಿನ ಮೂಳೆ, ಚೊಕ್ಕಟವಾಗಿ.

"ಇನ್ನೊಸಿ ಆಕ್ಲಾ," ಅಂದಳು.

ನಾನು ಬಾಣಲೆಯ ಹತ್ತಿರ ಓಡಿ, ಬಿಸಿಬಿಸಿಯಾದದ್ದು ಆರಿಸಿ, ತಟ್ಟೆ ತುಂಬ ಹಾಕಿಕೊಟ್ಟೆ. ಕೈ ಒಳಗೆ ಹೋಯಿತು, ಬಾಗಿಲು ಮತ್ತೆ ಮುಚ್ಚಿತು. ತಾಳಮಲೆಯ ಮುದುಕರು ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದರು. ಹೆಗಲ ಮೇಲಿನ ಟವಲು ತೆಗೆದು ಜಗುಲಿಯನ್ನು ಒರೆಸಿ, ನಿಧಾನವಾಗಿ ಕೂತರು.

"ಕುಂತ್ಕಳಿ ಎಲ್ಲಾ," ಅಂದರು. "ಅಪ್ಪ ಮಗಳ್ದು ಇನ್ನೂ ಊಟ ಆಗ್ನಿಲ್ಲ."